ಕೊಡ ಉರುಳಿಸಿದ್ದು ಯಾರು?

ಹೈಸ್ಕೂಲಿನಲ್ಲಿ ನಮ್ಮ ಹಿಂದಿ ಮೇಷ್ಟ್ರು ಪಾಠದ ಪುಸ್ತಕ ಮುಚ್ಚಿಟ್ಟು, ತಾವೇ ತಂದಿದ್ದ ಒಂದು ಹಳೇ ಪುಸ್ತಕದಿಂದ ಪ್ರೇಮಚಂದರ ‘ಠಾಕೂರನ ಬಾವಿ’ ಕಥೆ ಓದಿದರು. ಒಂದೊಂದು ಸಾಲಿಗೂ ನಿಲ್ಲಿಸಿ ಕನ್ನಡದಲ್ಲಿ ಹೇಳಿದರು. ಒಳ್ಳೇ ಮೇಷ್ಟ್ರು. ಕಥೆ ಮುಗಿದಾಗ ಅವರ ಗಂಟಲು ಕಟ್ಟಿತ್ತು. ಆಮೇಲೆ ಇಡೀ ಕ್ಲಾಸು ನಿಧಾನಕ್ಕೆ ನಮ್ಮ ಬೆಂಚಿನ ಕಡೆಗೆ ತಿರುಗಿ ನೋಡಿತು.

ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕನಿಕರ ಇತ್ತು. ನಾವು ತಲೆ ಬಗ್ಗಿಸಿ ಡೆಸ್ಕಿನ ಮೇಲೆ ಯಾರೋ ಕೈವಾರದಲ್ಲಿ ಕೊರೆದಿದ್ದ ಹೆಸರು ಓದಿಕೊಂಡು ಕೂತೆವು. ಬೈಸಿಕೊಂಡಾಗ ತಿರುಗಿ ಬೈಯೋದು ನಮಗೆ ಗೊತ್ತಿತ್ತು. ಕನಿಕರಕ್ಕೆ ತಿರುಗಿ ಏನು ಕೊಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

(‘ನಾವು’ ಅಂತ ಬರೆಯುತ್ತಿದ್ದೇವೆ, ಗೆಳೆಯರು ನಗಬಾರದು. ದೊಡ್ಡಸ್ತಿಕೆಯ ನಾವು ಅಲ್ಲ ಇದು. ಒಂದು ಬೆಂಚಿಗೆ ಐದು ಜನ, ಹಾಸ್ಟೆಲಿನ ಒಂದು ಕೋಣೆಗೆ ಎಂಟು ಜನ ಬೆಳೆದವರಿಗೆ ‘ನಾನು’ ಅಂತ ಬರೆಯೋಕೆ ಹೋದರೆ ಪೆನ್ನು ತಡವರಿಸುತ್ತದೆ.)

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. 1932ರ ಕಥೆ. ಜೋಖು ಕಾಯಿಲೆ ಬಿದ್ದು ಮಲಗಿದ್ದಾನೆ. ಚೊಂಬು ಬಾಯಿಗಿಟ್ಟರೆ ನೀರು ಗಬ್ಬು ನಾರುತ್ತದೆ. ಬಾವಿಯಲ್ಲಿ ಯಾವುದೋ ಪ್ರಾಣಿ ಬಿದ್ದು ಸತ್ತಿರಬೇಕು. ಹೆಂಡತಿ ಗಂಗಿ ರಾತ್ರಿ ಕದ್ದು ಠಾಕೂರನ ಬಾವಿಗೆ ಹೋಗುತ್ತಾಳೆ. ಮರದ ನೆರಳಲ್ಲಿ ಅಡಗಿ ಕಾಯುತ್ತಾಳೆ. ಕೊಡ ಬಿಟ್ಟು, ಸೇದಿ, ಬಾವಿಯ ಬಾಯಿವರೆಗೂ ತರುತ್ತಾಳೆ. ಬಗ್ಗಿ ಹಿಡಿಯಬೇಕು ಅನ್ನುವಷ್ಟರಲ್ಲಿ ಠಾಕೂರನ ಮನೆಯ ಬಾಗಿಲು ತೆರೆಯುತ್ತದೆ. ಹಗ್ಗ ಕೈಜಾರುತ್ತದೆ. ಕೊಡ ನೀರಿಗೆ ಬೀಳುತ್ತದೆ. ಯಾರದು, ಯಾರದು ಅಂತ ಕೂಗಿಕೊಂಡು ಠಾಕೂರ ಬರುತ್ತಾನೆ. ಅವಳು ಓಡುತ್ತಾಳೆ. ಮನೆಗೆ ಬಂದು ನೋಡಿದರೆ ಗಂಡ ಅದೇ ನೀರನ್ನು ಕುಡಿಯುತ್ತಿದ್ದಾನೆ.

ಇಷ್ಟೇ. ಮೂರು ನಾಲ್ಕು ಪುಟ. ಆದರೆ ಓದಿದ ಮೇಲೆ ಎದೆ ಮೇಲೆ ಬಂಡೆ ಇಟ್ಟ ಹಾಗೆ ಆಗುತ್ತದಲ್ಲ, ಅದು ಎಲ್ಲಿಂದ ಬರುತ್ತದೆ ಅಂತ ನಾವು ಬಹಳ ದಿನ ಹುಡುಕಿದೆವು. ಹುಡುಕೋದಕ್ಕೆ ಒಂದು ಕಾರಣವಿತ್ತು, ಅದನ್ನು ಮೊದಲು ಹೇಳಬೇಕು.

ಡಿಗ್ರಿಯ ಎರಡನೇ ವರ್ಷದಲ್ಲಿ ನಾವೂ ಒಂದು ನೀರಿನ ಕಥೆ ಬರೆದೆವು. ಅದು ನಮ್ಮವ್ವನ ಕಥೆ. ನಾವು ಹುಟ್ಟುವುದಕ್ಕೆ ಮುಂಚೆ ಒಂದು ಬರದ ವರ್ಷ ಕೇರಿಯ ಬಾವಿ ಬತ್ತಿತ್ತಂತೆ. ಅವ್ವ ಮೇಲಿನ ಬೀದಿಯ ಬೋರಿನ ಹತ್ತಿರ ಹೋಗಿ ಕೊಡ ತುಂಬಿಸಿಕೊಂಡಿದ್ದಳು. ದೊಡ್ಡಮನೆಯ ಹೆಂಗಸು ಬಂದು ಆ ಕೊಡ ಉರುಳಿಸಿದಳು. ಈ ಮಾತು ನಮ್ಮಜ್ಜಿಯ ಬಾಯಲ್ಲಿ ಚೂರುಪಾರು ಕೇಳಿದ್ದೆವು. ಉಳಿದದ್ದನ್ನು ನಾವು ತುಂಬಿದೆವು. ಕಥೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂತು, ಬಹುಮಾನವೂ ಬಂತು. ಕನ್ನಡ ಅಧ್ಯಾಪಕರು ಬೆನ್ನು ತಟ್ಟಿ, ಹತಾಶೆಯನ್ನು ಎಷ್ಟು ಚೆನ್ನಾಗಿ ಕಟ್ಟಿದ್ದೀರಿ ಅಂದರು. ಹಿಗ್ಗಿ ಹೋದೆವು.

ರಜಕ್ಕೆ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆವು. ಅವ್ವ ಅವರೆಕಾಯಿ ಬಿಡಿಸುತ್ತಾ ಕೇಳಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದಳು:

‘ಅಲ್ಲ ಕೂಸು, ನಾನ್ಯಾವಾಗ ಅತ್ತೆ?’

ನಾವು ಬಾಯಿ ಬಿಟ್ಟುಕೊಂಡು ಕೂತೆವು.

‘ಕತ್ತಲಗ ಕೂತ್ಕಂಡು ಬರೀ ಕೊಡದೊಳಕ್ಕ ಕಣ್ಣೀರ ಬುಟ್ಲು ಅಂತ ಬರ್ದಿದ್ದೀಯಲ್ಲ, ಯಾರ್ಲಾ ಅವ್ಳು? ಹಟ್ಟೀಲಿ ಎರಡು ಕೂಸು ಬಾಯಾರ್ಕೊಂಡು ಬಿದ್ದಿದ್ದೊ. ಅಳಾಕ ಹೊತ್ತೆಲ್ಲಿತ್ತು?’

ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆ ಹೆಂಗಸು ಕೊಡವನ್ನು ಕಾಲಲ್ಲಿ ಒದ್ದು ಉರುಳಿಸಿದಳಂತೆ. ಅವ್ವ ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ‘ಚೆಲ್ಲವ್ವ, ಚೆಲ್ಲು. ನೀ ಚೆಲ್ಲಿದ ನೀರೂ ಇಳುಕ್ಲಗ ನಮ್ ಕೇರೀಗೇ ಹರ್ಕಂಡು ಬತ್ತದ’ ಅಂದಳಂತೆ. ನಮ್ಮ ಕೇರಿ ಊರಿನ ತಗ್ಗಿನಲ್ಲಿದೆ, ಎಲ್ಲಾ ಊರಿನಲ್ಲೂ ಇರುವ ಹಾಗೆ. ಅಷ್ಟು ಹೇಳಿ ಕೊಡ ಹೊತ್ತು ನಾಲೆಗೆ ನಡೆದಳು. ದೂರ ಬಹಳ. ಜೊತೆಗೆ ಇಬ್ಬರು ವಾರಗಿತ್ತಿಯರನ್ನು ಕೂಗಿಕೊಂಡಳು. ನಾಲೆಯ ಕೆಂಪು ನೀರು ತಂದು, ಸೀರೆ ಸೆರಗಲ್ಲಿ ಸೋಸಿ, ಕಾಸಿ, ಆರಿಸಿ ಮಕ್ಕಳಿಗೆ ಕುಡಿಸಿದಳು.

ಹಾಗಾದರೆ ನಾವು ಬರೆದ ಆ ಅಳುವ ಹೆಂಗಸು ಯಾರು? ಅವಳು ನಮ್ಮ ಹಟ್ಟಿಯಿಂದ ಬಂದವಳಲ್ಲ. ಭಾಷೆಯಿಂದ ಬಂದವಳು. ಅದಕ್ಕೇ ನಾವು ಮತ್ತೆ ಪ್ರೇಮಚಂದರ ಕಥೆಗೆ ಹೋಗಿ, ಈ ಭಾಷೆ ಎಂಥದ್ದು ಅಂತ ಪದಪದ ಕಿತ್ತು ನೋಡಿದೆವು.

ಮೊದಲು ಕಂಡದ್ದು ಚೊಂಬು. ಕಥೆಯ ಮೊದಲ ವಾಕ್ಯದಲ್ಲಿ ಚೊಂಬು ಜೋಖುವಿನ ಬಾಯಲ್ಲಿದೆ. ಕೊನೆಯ ವಾಕ್ಯದಲ್ಲೂ ಅವನ ಬಾಯಲ್ಲೇ ಇದೆ. ಮಧ್ಯೆ ಒಬ್ಬ ಹೆಂಗಸು ಪ್ರಾಣ ಒತ್ತೆಯಿಟ್ಟು ಹೋಗಿ ಬಂದಿದ್ದಾಳೆ, ಚೊಂಬು ಮಾತ್ರ ಇದ್ದಲ್ಲೇ ಇದೆ. ಆ ಕೊನೆಯ ವಾಕ್ಯದಲ್ಲಿ ಒಂದು ಸಣ್ಣ ಪದ ಇದೆ: ‘ವಹೀ’, ಅಂದರೆ ‘ಅದೇ’. ಗಾಣದ ಎತ್ತು ಒಂದು ಸುತ್ತು ಮುಗಿಸಿದ ಹಾಗೆ ಇಡೀ ಕಥೆ ಆ ಪದಕ್ಕೆ ಬಂದು ನಿಲ್ಲುತ್ತದೆ. ಜೊತೆಗೆ ಅವನು ನೀರು ಕುಡಿದ ಅಂತ ಇಲ್ಲ, ಕುಡಿಯುತ್ತಿದ್ದಾನೆ ಅಂತ ಇದೆ. ಮುಗಿಯದ ಕ್ರಿಯಾಪದ. ಪುಸ್ತಕ ಮುಚ್ಚಿದರೂ ಅವನು ಕುಡಿಯುತ್ತಲೇ ಇರುತ್ತಾನೆ.

ಎರಡನೆಯದು ಜೋಖುವಿನ ಮಾತು. ಹೋಗಬೇಡ, ಕೈಕಾಲು ಮುರಿಸಿಕೊಂಡು ಬರ್ತೀಯ ಅಂತ ಅವನು ತಡೆಯುತ್ತಾನೆ. ಬ್ರಾಹ್ಮಣ ಏನು ಮಾಡ್ತಾನೆ, ಠಾಕೂರ ಏನು ಮಾಡ್ತಾನೆ, ಸಾಹುಕಾರ ಏನು ಮಾಡ್ತಾನೆ ಅಂತ ಒಬ್ಬೊಬ್ಬರದ್ದೂ ಹೇಳುತ್ತಾನೆ. ವ್ಯಾಕರಣದಲ್ಲಿ ಅದು ಭವಿಷ್ಯತ್ಕಾಲ. ಆದರೆ ಆ ಭವಿಷ್ಯತ್ತಿನಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ. ನಾಳೆ ಅನ್ನೋದು ನಿನ್ನೆಯ ನಕಲು. ನಮ್ಮ ಆಡುಮಾತಿನಲ್ಲಿ ಇದು ಇನ್ನೂ ಗಟ್ಟಿ. ‘ಹೊಡೀತಾರೆ’ ಅಂದರೆ ದಿನಾ ಹೊಡೆಯುವುದೂ ಅದೇ ಮಾತು, ನಾಳೆ ಹೊಡೆಯುವುದೂ ಅದೇ ಮಾತು. ಆಳಿನ ಬಾಯಲ್ಲಿ ರೂಢಿಗೂ ಭವಿಷ್ಯಕ್ಕೂ ಒಂದೇ ಪ್ರತ್ಯಯ. ಕನ್ನಡದಲ್ಲಿ ಹತಾಶೆ ಬರೆಯೋನಿಗೆ ಅರ್ಧ ಕೆಲಸ ವ್ಯಾಕರಣವೇ ಮಾಡಿಕೊಡುತ್ತದೆ.

ಇನ್ನು ಗಂಗಿ. ಗಂಗಿ ಹೇಡಿಯಲ್ಲ, ಇದನ್ನು ನಮ್ಮ ಕ್ಲಾಸು ಗಮನಿಸಲಿಲ್ಲ. ಬಾವಿಕಟ್ಟೆಯ ಮರೆಯಲ್ಲಿ ಕೂತು ಅವಳು ಮನಸ್ಸಿನಲ್ಲೇ ಕೇಳುವ ಪ್ರಶ್ನೆಗಳು ಬೆಂಕಿ. ನಾವು ಯಾಕೆ ಕೀಳು, ಇವರು ಯಾಕೆ ಮೇಲು? ಕೊರಳಿಗೆ ಒಂದು ದಾರ ಹಾಕಿಕೊಂಡಿದ್ದಕ್ಕಾ? ಕುರಿ ಕದ್ದು ತಿಂದವನು ಠಾಕೂರ, ಜೂಜಿನ ಅಡ್ಡೆ ಪಂಡಿತನ ಮನೆ, ತುಪ್ಪಕ್ಕೆ ಎಣ್ಣೆ ಬೆರೆಸೋನು ಸಾಹು. ಬಿಟ್ಟಿ ಚಾಕರಿಗೆ ಒಲ್ಲೆ ಅಂದ ಮಹಂಗೂ ಅನ್ನೋನಿಗೆ ರಕ್ತ ಕಾರುವ ಹಾಗೆ ಹೊಡೆದದ್ದೂ ಅವಳಿಗೆ ನೆನಪಿದೆ. ಇಷ್ಟೆಲ್ಲಾ ಅವಳ ತಲೆಯೊಳಗೆ. ಬಾವಿಯ ಹತ್ತಿರ ಬಾಯಿಂದ ಒಂದು ಶಬ್ದ ಇಲ್ಲ. ನೀರಿಗೆ ಬಂದ ಮೇಲ್ಜಾತಿಯ ಇಬ್ಬರು ಹೆಂಗಸರು ಗಂಡಂದಿರನ್ನು ಬೈದುಕೊಂಡು ಹೋಗುತ್ತಾರೆ, ನಮ್ಮದೂ ತೊತ್ತಿನ ಬಾಳೇ ಅಂತ. ಅವರಿಗೆ ಹೇಳಿಕೊಳ್ಳೋಕೆ ಒಬ್ಬರಿಗೊಬ್ಬರು ಇದ್ದಾರೆ. ಠಾಕೂರನ ಜಗಲಿಯ ಸೋಮಾರಿಗಳಿಗೆ ಕೋರ್ಟು, ಲಂಚ, ನಕಲು ಪ್ರತಿ ಅಂತ ಹರಟೋಕೆ ಹತ್ತು ಜನ ಇದ್ದಾರೆ. ಗಂಗಿ ಒಬ್ಬಳೇ. ಇಡೀ ರಾತ್ರಿಯಲ್ಲಿ ಅವಳ ಪಕ್ಕ ನಿಲ್ಲುವ ಇನ್ನೊಬ್ಬ ಗಂಗಿಯನ್ನು ಪ್ರೇಮಚಂದರು ಇಟ್ಟಿಲ್ಲ. ಅವಳ ಪ್ರಶ್ನೆಗಳಿಗೆ ಕಿವಿ ಇಲ್ಲ. ಆ ಎದೆಯ ಬಂಡೆ ಇದು ಅಂತ ನಮಗೆ ಅನ್ನಿಸಿತು. ಕತ್ತಲು, ಮಿಣುಕು ದೀಪ, ಹುಲಿ ಸಿಂಹದ ಬಾಯಿಯಂಥ ಬಾಗಿಲು, ಇವೆಲ್ಲ ಆಮೇಲಿನವು.

ಒಂದು ಜಾಗದಲ್ಲಿ ಮಾತ್ರ ನಮಗೆ ಪ್ರೇಮಚಂದರ ಜೊತೆ ಜಗಳ ಇದೆ. ಕೆಟ್ಟ ನೀರಿನಿಂದ ಕಾಯಿಲೆ ಹೆಚ್ಚುತ್ತದೆ ಅಂತ ಗಂಗಿಗೆ ಗೊತ್ತಿತ್ತು, ಕುದಿಸಿದರೆ ಕೆಡುಕು ಹೋಗುತ್ತದೆ ಅಂತ ಗೊತ್ತಿರಲಿಲ್ಲ ಅಂತ ಕಥೆಗಾರರು ನಡುವೆ ಬಂದು ಹೇಳಿ ಹೋಗುತ್ತಾರೆ. ಒಂದೇ ವಾಕ್ಯ. ಆ ಒಂದು ವಾಕ್ಯದಲ್ಲಿ ಹೇಳುವವನು ಮೇಲಕ್ಕೆ ಹೋಗುತ್ತಾನೆ, ಅವಳು ಕೆಳಗೆ ಉಳಿಯುತ್ತಾಳೆ. ಓದುಗ ಯಾರ ಪಕ್ಕ ನಿಲ್ಲುತ್ತಾನೆ? ತಿಳಿದವನ ಪಕ್ಕ. ಅಲ್ಲಿಂದ ಕನಿಕರ ಶುರು. ನಮ್ಮ ಕ್ಲಾಸು ತಿರುಗಿ ನೋಡಿದ ನೋಟ ಅಲ್ಲಿಂದ ಬಂದದ್ದು. ಇದನ್ನು ಅವ್ವನಿಗೆ ಹೇಳಿದರೆ, ‘ಕಾಸಿ ಕುಡುದ್ರ ಆಯ್ತದ ಅಂತ ಯಾರ್ಗ ಗೊತ್ತಿಲ್ಲ? ಕಾಸಾಕ ಸೌದ ಇತ್ತಾ ಅವಳ ಮನೇಲಿ, ಅದ ಕೇಳು’ ಅಂದಳು. ಸೌದೆಯ ಮಾತು ಕಥೆಯಲ್ಲಿಲ್ಲ.

ಇಷ್ಟು ಹೇಳಿದ ಮೇಲೆ ನ್ಯಾಯವಾದ ಮಾತೂ ಹೇಳಬೇಕು. ಹಿಂದಿಯ ಹಲವು ದಲಿತ ವಿಮರ್ಶಕರು ‘ಕಫನ್’ ಕಥೆಯ ವಿಷಯಕ್ಕೆ ಪ್ರೇಮಚಂದರನ್ನು ಕಟುವಾಗಿ ಟೀಕಿಸಿದ್ದಾರೆ. ಒಳಗೆ ಹೆರಿಗೆ ನೋವಿನಲ್ಲಿ ಹೆಂಗಸು ಸಾಯುತ್ತಿದ್ದರೆ, ಹೊರಗೆ ಮಾವನೂ ಗಂಡನೂ ಆಲೂಗೆಡ್ಡೆ ಸುಟ್ಟು ತಿನ್ನುತ್ತಾ ಕೂರುವ ಕಥೆ. ಹೆಣದ ಬಟ್ಟೆಗೆ ಬಂದ ದುಡ್ಡಲ್ಲೂ ಕುಡಿಯುತ್ತಾರೆ. ಆ ಜಾತಿಯನ್ನೇ ಹೀಗೆ ತೋರಿಸಿದ್ದು ಯಾಕೆ ಅಂತ ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಆದರೆ ‘ಠಾಕೂರನ ಬಾವಿ’ ಬೇರೆ ಸಂಗತಿ. ಇಲ್ಲಿ ಬರೆದವನ ಕೈ ನಡುಗಿದೆ. ಅವನಿಗೆ ಗಂಗಿ ಓದುಗಳಲ್ಲ, ಠಾಕೂರನ ಓದುಬರಹ ಕಲಿತ ಮಗ ಓದುಗ. ಆ ಮಗನಿಗೆ ನಾಚಿಕೆ ಆಗಲಿ ಅಂತ ಬರೆದದ್ದು. ಅದಕ್ಕೆ ಬಾಗಿಲುಗಳನ್ನೆಲ್ಲ ಮುಚ್ಚಬೇಕಿತ್ತು, ಮುಚ್ಚಿದರು.

ಆದರೆ ಬಾಗಿಲು ನಿಜಕ್ಕೂ ಮುಚ್ಚಿತ್ತಾ? ಈ ಕಥೆ ಬರುವುದಕ್ಕೆ 5 ವರ್ಷ ಮುಂಚೆ, 1927ರ ಮಾರ್ಚ್ 20ರಂದು, ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಕುಡಿದಿದ್ದರು. ಕುಡಿದವರ ಮೇಲೆ ದೊಣ್ಣೆ ಬಿದ್ದವು. ಕೆರೆಗೆ 108 ಕೊಡ ಪಂಚಗವ್ಯ ಸುರಿದು ಮಡಿ ಮಾಡಿದರು. ಕೇಸು ನಡೆದು ನಡೆದು, 1937ರಲ್ಲಿ ಬೊಂಬಾಯಿ ಹೈಕೋರ್ಟು ಆ ಕೆರೆಯ ಮೇಲೆ ನಮ್ಮ ಜನರ ಹಕ್ಕನ್ನು ಎತ್ತಿಹಿಡಿಯಿತು. ಅಂದರೆ ಗಂಗಿ ಓಡಿದ ವರ್ಷ ಆ ದಾವೆ ಇನ್ನೂ ನಡೆಯುತ್ತಿತ್ತು. ಮಹಾಡ್ ಇರೋದು ಕೊಂಕಣದ ಕಡೆ, ಗಂಗಿಯ ಹಳ್ಳಿ ಉತ್ತರದಲ್ಲಿ, ನಡುವೆ ನೂರಾರು ಮೈಲಿ. ಆ ಸುದ್ದಿ ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ, ಒಪ್ಪುತ್ತೇವೆ. ಆದರೂ ಒಂದು ಮಾತು. ಮಹಾಡಿನಲ್ಲೂ ಏಟು ಬಿತ್ತು, ಅಲ್ಲೂ ಮಾರನೇ ದಿನದಿಂದ ನೀರು ಸಿಗಲಿಲ್ಲ. ಸೋಲಿನ ಲೆಕ್ಕ ಹಾಕಿದರೆ ಎರಡೂ ಒಂದೇ. ಆದರೆ ಮಹಾಡಿನದ್ದನ್ನು ಯಾರೂ ಹತಾಶೆ ಅನ್ನುವುದಿಲ್ಲ.

ಹತಾಶೆ ಅಂದ ಕೂಡಲೇ ನಮ್ಮ ಕಾಲೇಜುಗಳಲ್ಲಿ ನವ್ಯರ ಮಾತು ಬರುತ್ತದೆ. ಅನಾಥಪ್ರಜ್ಞೆ, ಪರಕೀಯತೆ, ಅಸಂಗತ. ಹೊಟ್ಟೆ ತುಂಬಿದ ಮೇಲೆ ಬರುವ ತೇಗಿನಂಥ ಹತಾಶೆ ಅದು ಅಂತ ನಮ್ಮ ಗೆಳೆಯರು ಹಂಗಿಸುತ್ತಾರೆ. ಅಷ್ಟು ಸಲೀಸಾಗಿ ಹಂಗಿಸೋಕೆ ನಮಗೆ ಮನಸ್ಸಿಲ್ಲ, ಅದರಲ್ಲೂ ಕೆಲವು ನಿಜದ ನೋವಿನವು. ನಮ್ಮ ತಕರಾರು ಇಷ್ಟೇ: ಅವರ ಹತಾಶೆಯ ಪದಗಳನ್ನು ನಾವು ಎರವಲು ತಂದು ಅವ್ವನ ತಲೆ ಮೇಲೆ ಹೊರಿಸಿದೆವು. ನಮ್ಮ ಬಹುಮಾನದ ಕಥೆಯನ್ನು ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಕತ್ತಲು ಅನ್ನುವ ಪದ ಒಂಬತ್ತು ಸಲ ಇದೆ. ನಿಟ್ಟುಸಿರು ನಾಲ್ಕು. ವಾಕ್ಯದ ಕೊನೆಗೆಲ್ಲ ಮೂರು ಮೂರು ಚುಕ್ಕಿ, ಇರುವೆ ಸಾಲಿನ ಹಾಗೆ. ಅವ್ವ ‘ಶೂನ್ಯದತ್ತ ದಿಟ್ಟಿಸಿದಳು’ ಅಂತ ಬರೆದಿದ್ದೇವೆ. ಅವ್ವ ಹುಟ್ಟಿದಾಗಿನಿಂದ ಶೂನ್ಯ ನೋಡಿದವಳಲ್ಲ. ಅವಳು ದಿಟ್ಟಿಸುವುದು ಒಲೆಯನ್ನು, ಇಲ್ಲ ಮೋಡವನ್ನು, ಇಲ್ಲ ಊರಿಗೆ ಹೋದಾಗ ಸೊರಗಿದೆಯಾ ಅಂತ ನಮ್ಮ ಮುಖವನ್ನು.

ಕ್ರಿಯಾಪದಗಳನ್ನೂ ಎಣಿಸಿದೆವು. ನಮ್ಮದರಲ್ಲಿ ಎಲ್ಲಾ ‘ಹೋಗಿದೆ’. ಬಾವಿ ಬತ್ತಿಹೋಗಿದೆ, ಕಣ್ಣು ಇಂಗಿಹೋಗಿದೆ, ಬದುಕು ಸೋತುಹೋಗಿದೆ. ಕನ್ನಡದಲ್ಲಿ ಯಾವ ಕ್ರಿಯೆಗೂ ಒಂದು ‘ಹೋಗು’ ಅಂಟಿಸಿದರೆ ಸಾಕು, ಅದು ಕೈಬಿಟ್ಟ ಸಂಗತಿ ಆಗಿಬಿಡುತ್ತದೆ. ಅವ್ವ ಅದೇ ಘಟನೆ ಹೇಳುವಾಗ ಕಿವಿಗೊಟ್ಟು ಕೇಳಿ. ಎತ್ತ್‌ಕಂಡು, ಕೂಕ್ಕಂಡು, ತಂದ್ಕಂಡು, ಕಾಸ್ಕಂಡು. ಎಲ್ಲಾ ‘ಕೊಂಡು’. ಕೈ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಇದು ಯಾವ ವ್ಯಾಕರಣದ ಮೇಷ್ಟ್ರೂ ನಮಗೆ ಹೇಳಲಿಲ್ಲ.

ದೇವನೂರ ಮಹಾದೇವರ ‘ಒಡಲಾಳ’ವನ್ನು ಆಮೇಲೆ ಮತ್ತೆ ಓದಿದೆವು. ಅಲ್ಲಿ ಬಡತನ ಗಂಗಿಯ ಮನೆಗಿಂತ ಕಮ್ಮಿಯಿಲ್ಲ. ಸಾಕವ್ವನ ಹುಂಜ ಕಳೆದಿದೆ. ಕದ್ದು ತಂದ ಕಡ್ಲೆಕಾಯಿ ಮೂಟೆಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುತ್ತಾರೆ. ಪೋಲೀಸರು ಬರುತ್ತಾರೆ. ಠಾಕೂರನ ಬಾಗಿಲಿನಷ್ಟೇ ಭಯ ಅದು. ಆದರೆ ಅಲ್ಲಿ ಎಲ್ಲರೂ ಮಾತಾಡುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಾರೆ. ಬೈಗುಳ, ನಗು, ಗೋಡೆ ಮೇಲೆ ಬರೆಯುವ ನವಿಲು. ಕಥೆ ಹೇಳುವವನು ಕೂಡ ಅವರ ಪಕ್ಕದಲ್ಲೇ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದಾನೆ, ಅವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಅನ್ನುವ ಜಂಬ ಅವನಿಗಿಲ್ಲ. ಅದನ್ನು ಓದಿದ ಮೇಲೆ ನಮ್ಮನ್ನು ಯಾರಾದರೂ ತಿರುಗಿ ನೋಡಿದರೆ ಆ ನೋಟವೇ ಬೇರೆ ಇರುತ್ತದೆ.

ಈಗ ನಮ್ಮ ನಿಜವಾದ ತಪ್ಪು. ಇದನ್ನು ಬರೆಯೋಕೆ ಇಷ್ಟು ಸುತ್ತು ಹಾಕಿ ಬಂದೆವು.

ನಮ್ಮ ಕಥೆಯಲ್ಲಿ ಕೊಡ ಉರುಳುವ ವಾಕ್ಯ ಹೀಗಿದೆ: ‘ಕೊಡ ಉರುಳಿಸಲ್ಪಟ್ಟಿತು.’ ಅಧ್ಯಾಪಕರು ಅದರ ಕೆಳಗೆ ಗೆರೆ ಎಳೆದು ಮೆಚ್ಚಿದ್ದರು, ವಿಧಿಯೇ ಉರುಳಿಸಿದ ಹಾಗೆ ಕಾಣುತ್ತದೆ ಅಂತ. ವಿಧಿ ಅಲ್ಲ, ಹೆದರಿಕೆ. ವಾರ್ಷಿಕ ಸಂಚಿಕೆಯನ್ನು ನಮ್ಮೂರ ಮೇಲಿನ ಬೀದಿಯ ಹುಡುಗರೂ ಓದುತ್ತಾರೆ. ಅವರ ಜಮೀನಿನಲ್ಲೇ ಅಪ್ಪ ಕೂಲಿಗೆ ಹೋಗುವುದು. ಉರುಳಿಸಿದವಳನ್ನು ವಾಕ್ಯದಿಂದ ಕಿತ್ತುಹಾಕಿ, ಕೊಡ ತನ್ನಷ್ಟಕ್ಕೆ ಉರುಳುವ ಹಾಗೆ ಬರೆದೆವು. ಕರ್ತೃ ಇಲ್ಲದ ವಾಕ್ಯದಲ್ಲಿ ಜಗಳಕ್ಕೆ ಜಾಗ ಇಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಅಳುವುದೊಂದೇ ಉಳಿಯುತ್ತದೆ. ಹಾಗಾಗಿ ಅವ್ವನನ್ನು ಅಳಿಸಿದೆವು. ನಮ್ಮ ಪುಕ್ಕಲುತನ ಪುಟದ ಮೇಲೆ ಹತಾಶೆಯಾಗಿ ಕಂಡಿತು, ಅದಕ್ಕೆ ಬಹುಮಾನ ಬಂತು.

ಈ ‘ಲಾಯಿತು’, ‘ಲ್ಪಟ್ಟಿತು’ ಕಥೆಗಳಲ್ಲಿ ಮಾತ್ರ ಇದ್ದಿದ್ದರೆ ಚಿಂತೆಯಿರಲಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಂಗಸೊಬ್ಬರು ಮೇಲ್ಜಾತಿಯವರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು ಅಂತ ಆ ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗಂಜಲ ಹಾಕಿ ತೊಳೆದರು. ಮಹಾಡಿಗೆ 95 ವರ್ಷವಾಗಿತ್ತು. ಆಮೇಲೆ ಅಧಿಕಾರಿಗಳು ಬಂದರು, ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿ ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಈ ಸುದ್ದಿಯನ್ನು ನೀವೇ ಯಾರಿಗಾದರೂ ಹೇಳಿ ನೋಡಿ. ‘ತೊಂಬೆ ತೊಳೆಯಲಾಯಿತು’ ಅಂತಲೇ ಬಾಯಿಗೆ ಬರುತ್ತದೆ. ತೊಳೆದರು ಅನ್ನೋಕೆ ಸ್ವಲ್ಪ ಧೈರ್ಯ ಬೇಕು. ಇಂಥವರು ತೊಳೆದರು ಅನ್ನೋಕೆ ಇನ್ನೂ ಸ್ವಲ್ಪ ಬೇಕು.

ಹೋದ ಬೇಸಿಗೆ ಕಥೆಯನ್ನು ಮತ್ತೆ ಬರೆದೆವು. ಚುಕ್ಕಿಗಳನ್ನೆಲ್ಲ ಗುಡಿಸಿ ಹಾಕಿದೆವು. ಕತ್ತಲು ಹೋಯಿತು, ಘಟನೆ ನಡೆದದ್ದು ಮಟಮಟ ಮಧ್ಯಾಹ್ನ ಅಂತೆ. ದೊಡ್ಡಮನೆಯ ಹೆಂಗಸಿನ ಹೆಸರು ಹಾಕಿ, ಇಂಥವಳು ಒದ್ದಳು ಅಂತ ಬರೆದೆವು. ಅವ್ವನ ಇಳುಕಲಿನ ಮಾತು ಹಾಕಿದೆವು. ಓದಿದಾಗ ಅವ್ವ ನಕ್ಕಳು. ನಾವು ಗೆದ್ದೆವು ಅಂದುಕೊಂಡೆವು. ಆಗ ಅವಳು ಇನ್ನೊಂದು ಮಾತು ಹೇಳಿದಳು.

‘ಅವತ್ತು ರಾತ್ರ ಮಾತ್ರ ನಿದ್ದ ಬರ್ನಿಲ್ಲ ಕನ ಕೂಸು. ನೀರ್ಗಲ್ಲ. ಅವಳ ಮೊದಲ್ನೇ ಕೂಸು ಅಡ್ಡ ಕೂತಿತ್ತು. ನಿಮ್ಮಜ್ಜೀನೇ ಹೋಗಿ ಹೆರ್ಸಿದ್ದು. ನಾ ದೀಪ ಹಿಡ್ಕಂಡು ನಿಂತಿದ್ದೆ. ಹೊಕ್ಕಳ ಬಳ್ಳಿ ಕೂದಾಗ ಅವ್ಳು ನನ್ ಕೈ ಹಿಡ್ಕಂಡಿದ್ಳು, ಗಟ್ಟಿಯಾಗಿ. ಅದೇ ಕಾಲು ಒದ್ದುದ್ದು.’

ಇದಕ್ಕೆ ನಮ್ಮ ಹತ್ತಿರ ಯಾವ ಭಾಷೆಯೂ ಇರಲಿಲ್ಲ. ಅದು ಹತಾಶೆಯಲ್ಲ, ಸಿಟ್ಟಲ್ಲ. ಪ್ರೇಮಚಂದರಲ್ಲಿ ಇಲ್ಲ, ನವ್ಯರಲ್ಲಿ ಇಲ್ಲ, ನಮ್ಮ ಘೋಷಣೆಗಳಲ್ಲೂ ಇಲ್ಲ. ಹಾಳೆ ಹಿಡಿದುಕೊಂಡು ಸುಮ್ಮನೆ ಕೂತೆವು.

‘ಹೆಸ್ರು ತಗುದ್ಬುಡು’ ಅಂದಳು ಅವ್ವ. ‘ಆ ಕೂಸು ಈಗ ನಮ್ಮ ಅಂಗನವಾಡಿ ಮಿಸ್ಸು. ಓದ್ಕಂಡ್ರ ಬೇಜಾರಾದಳು.’

‘ಹಂಗಾದ್ರ ಕೊಡ ತಾನೇ ಉರುಳ್ತು ಅಂತ ಬರೀಲಾ ಅವ್ವ?’

‘ಯಾಕ? ಹೆಸ್ರು ಬ್ಯಾಡ ಅಂದೆ. ಒದ್ದೋಳು ಒದ್ದೋಳೇ. ಅದು ಇರ್ಲಿ.’

ಹೆಸರು ತೆಗೆದೆವು. ‘ದೊಡ್ಡಮನೆಯವಳು ಒದ್ದಳು’ ಅಂತ ಉಳಿಯಿತು. ಆ ದೀಪ ಹಿಡಿದ ರಾತ್ರಿಯನ್ನು ಎಲ್ಲಿ ಸೇರಿಸುವುದು, ಒದೆಯುವುದಕ್ಕೆ ಮುಂಚೆಯಾ ಆಮೇಲೆಯಾ, ಇನ್ನೂ ಗೊತ್ತಾಗಿಲ್ಲ. ಹಾಳೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೇವೆ. ಅಷ್ಟರಲ್ಲಿ ಹೊರಗೆ ನಲ್ಲಿ ಸದ್ದಾಯಿತು. ಈಗ ಮನೆಮನೆಗೂ ನಲ್ಲಿ ಬಂದಿದೆ, ಪೈಪಿನ ಕೊನೆ ಮಾತ್ರ ನಮ್ಮ ಕೇರಿ. ಮೇಲಿನ ಬೀದಿ ತುಂಬಿಸಿಕೊಂಡ ಮೇಲೆ ನಮಗೆ ನೂಲಿನಷ್ಟು ಬರುತ್ತದೆ, ಅರ್ಧ ಗಂಟೆ.

‘ನೀರು ಬುಟ್ರು, ಕೊಡ ಎತ್ಕಂಡು ಬಾ’ ಅಂತ ಅವ್ವ ಎದ್ದಳು.